ಜಟ್ಟೆಪ್ಪ ಮಾಮಾನ ಮೂರು ಬೆರಳು

ಸೊಲ್ಲಾಪುರದಲ್ಲಿ ಟವೆಲ್ ನೇಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹರಿದ ಎಳೆಯನ್ನು ನೋಡದೆ, ಬರೀ ಬೆರಳಿನಿಂದ ಹುಡುಕಿ ಗಂಟು ಹಾಕುವವನು ನಮ್ಮ ಓಣಿಯ ಜಟ್ಟೆಪ್ಪ ಮಾಮಾ ಒಬ್ಬನೇ, ಇದು ನನ್ನ ಖಾತ್ರಿ. ಅಕ್ಕಲಕೋಟ ಕಡೆಯ ಹಳ್ಳಿಯಿಂದ ಬಂದು ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ.

ಹೋದ ವರ್ಷ ತಗಡು ಜಾರಿ ಅವನ ಬಲ ಮುಂಗೈ ಕೊಯ್ದಿತು. ಮೇಲೆ ಹೊಲಿಗೆ ಹಾಕಿದರು. ಒಳಗೆ ನರ ಹರಿದದ್ದು ಗೊತ್ತಾಗಲಿಲ್ಲ. ಹೆಬ್ಬೆರಳು, ಪಕ್ಕದ ಎರಡು ಬೆರಳು ನಾಲ್ಕು ತಿಂಗಳಾದರೂ ಜೋಮು ಬಿಡಲಿಲ್ಲ. ಕೊನೆಗೆ ದೊಡ್ಡ ಡಾಕ್ಟರ್ ಸ್ಕ್ಯಾನ್ ನೋಡಿ, ನರದ ಎರಡು ತುದಿಗಳ ನಡುವೆ ಆರು ಸೆಂಟಿಮೀಟರ್ ಖಾಲಿ ಇದೆ ಎಂದರು.

"ಎಳದು ಗಂಟ ಹಾಕ್ರಿ ಸಾಹೇಬ್ರ," ಎಂದ ಮಾಮಾ.

"ಎಳದ್ರ ಮತ್ತ ಹರೀತೈತಿ. ಕಾಲಾಗಿನ ನರದ್ದು ತುಕಡಾ ತಗದು ನಡಕ ಜೋಡಸ್ತೀನಿ."

"ಹಂಗಾರ ವಾರದಾಗ ಲೂಮಿಗೆ ಹೋಗ್ಲೇನ್ರಿ?"

"ಇದು ಸೂತಿನ ಎಳಿ ಅಲ್ಲ. ಆ ತುಕಡಾದೊಳಗ ಹೊಸಾ ನರ ಮ್ಯಾಲಿಂದ ಬೆಳಕೋಂತ ಬರಬೇಕು. ದಿನಕ್ಕ ಒಂದ ಮಿಲಿಮೀಟರ್."

ಆಪರೇಷನ್ ಆಯಿತು. ಕೈ ಹಾಗೇ ಇತ್ತು, ಜೊತೆಗೆ ಪಾದದ ಹೊರ ಅಂಚೂ ಜೋಮು ಹಿಡಿಯಿತು. "ಕೈ ತರಾಕ ಹೋಗಿ ಕಾಲ ಕೊಟ್ಟ ಬಂದಾರ," ಎಂದು ಅವನ ಹೆಂಡತಿ ಹಿರಾಬಾಯಿ ಬೀಡಿ ಕಟ್ಟುತ್ತಲೇ ಚೇಷ್ಟೆ ಮಾಡುತ್ತಿದ್ದಳು. ಆದರೆ ದಿನಾ ಸಂಜೆ ಅವನ ಕಣ್ಣು ಮುಚ್ಚಿಸಿ ಬೆರಳಿಗೆ ಒಣ ಬೀಡಿ ಎಲೆಯನ್ನೋ ದಾರವನ್ನೋ ಕೊಟ್ಟು ಇದೇನೆಂದು ಕೇಳುವವಳೂ ಅವಳೇ.

ಎಂಟನೇ ತಿಂಗಳಿಗೆ ಮಾಮಾ ಎಲ್ಲ ಸರಿ ಹೇಳತೊಡಗಿದ. ಸೋಮವಾರ ಬರುತ್ತೇನೆಂದು ಮಾಲೀಕನಿಗೆ ಹೇಳಿಯೂ ಬಂದ. ಆ ಸಂಜೆ ಹಿರಾಬಾಯಿ, ಮರುದಿನದ ಬೀಡಿಗೆಂದು ನೆನೆಸಿಟ್ಟ ಎಲೆ ತೆಗೆದು ಕೊಟ್ಟಳು.

"ದಾರ," ಎಂದ.

ಇನ್ನೊಂದು ಕೊಟ್ಟಳು. "ದಾರ."

ಎರಡೂ ಎಲೆಗಳೇ. ಒಣ ಎಲೆ ಸರಸರ ಅನ್ನುತ್ತಿತ್ತು; ನೆನೆದ ಎಲೆ ಸದ್ದು ಮಾಡಲಿಲ್ಲ. ಇಷ್ಟು ದಿನ ಹೇಳಿದ್ದು ಕಿವಿ, ಬೆರಳಲ್ಲ.

"ಮೋಸ ಮಾಡಿಲ್ಲ ನಾ," ಎಂದ ಮಾಮಾ. "ನನಗೂ ತಿಳೀಲಿಲ್ಲ."

"ಗೊತ್ತೈತ್ರಿ. ಸೋಮವಾರ ಬರೂದಿಲ್ಲಂತ ಲೂಮಿನ ಶೇಠಜಿಗೆ ನಾ ಹೇಳ್ತೀನಿ."

ಆಮೇಲೆ ಒಣ ಎಲೆ ಬಂದ್ ಆಯಿತು. ಎರಡು ತಿಂಗಳು ನೆನೆದ ಎಲೆ ಇಲ್ಲವೆ ದಾರ, ದಿನಾ ಒಂದೇ ಉತ್ತರ: "ಏನೂ ಇಲ್ಲ." ಅವನಿಗೂ ಸಾಕಾಗಿತ್ತು, ಅವಳಿಗೂ. ಮೊನ್ನೆ ನಾನೂ ಅಲ್ಲೇ ಕೂತಿದ್ದೆ. ಹಿರಾಬಾಯಿ ನೆನೆದ ಎಲೆಯೊಂದನ್ನು ಮಾಮಾನ ಬೆರಳಿಗೆ ಕೊಟ್ಟಳು.

"ಎಲಿನೋ ದಾರನೋ ಗೊತ್ತಿಲ್ಲ," ಎಂದ. "ಆದ್ರ ತಂಪ ಹತ್ತಾಕತ್ತೈತಿ."

ಹಿರಾಬಾಯಿ ಎಲೆ ಬಿಡಿಸಿಕೊಳ್ಳಲು ಹೋದಳು. ಅವನು ಕೊಡಲಿಲ್ಲ.