ಹಾದಿ ಬಿಟ್ಟ ರಂಗೋಲಿ

ದೆವ್ವ, ಶಕುನ ಅಂತ ಯಾರಾದರೂ ಬಾಯಿ ತೆಗೆದರೆ ನಕ್ಕು ಎದ್ದುಹೋಗುತ್ತಿದ್ದವಳು ನಾನು. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಗಂಡನ ನೌಕರಿಯ ಬೆನ್ನಿಗೆ ಜರ್ಮನಿಯ ಆಖೆನ್‌ಗೆ ಬಂದು ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿದ್ದೆ. ಇಲ್ಲಿ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಮೈಸೂರಿನ ಗೆಳತಿ ಸುಧಾ ಒಂದು ದಿನ, ಗುರುತ್ವ ಅಲೆಗಳ ಬಗ್ಗೆ ಕಲಾಪ್ರದರ್ಶನವಿದೆ, ನಿನ್ನ ರಂಗೋಲಿ ಬೇಕು ಅಂದಳು. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಹೊರಟ ಅಲೆಯನ್ನು ಸದ್ದಾಗಿ ಮಾಡಿ, ಕಬ್ಬಿಣದ ತಗಡಿನ ಕೆಳಗಿರುವ ಸ್ಪೀಕರ್‌ನಲ್ಲಿ ಬಿಡುವುದು. ತಗಡಿನ ಮೇಲೆ ನಾನು ಬಿಡಿಸಿದ ರಂಗೋಲಿ ಆ ಸದ್ದಿಗೆ ಕುಣಿಯಬೇಕು. ಈ ದೇಶದಲ್ಲಿ ನನ್ನದು ಅಂತ ಸಿಕ್ಕ ಮೊದಲ ಕೆಲಸ ಅದು.

ಅಯ್ಯೋ, ಎಲ್ಲಿಯ ಕುಣಿತ! ಪ್ರತಿಸಲವೂ ಪುಡಿ ಚೆಲ್ಲಾಪಿಲ್ಲಿ. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಆಯೋಜಕಿ ಬಂದು ನೋಡಿ, ಸಂಜೆಯೊಳಗೆ ಸರಿಹೋಗದಿದ್ದರೆ ಇದನ್ನು ಕೈಬಿಡುತ್ತೇವೆ ಅಂದುಬಿಟ್ಟಳು. ನನಗೆ ಅಳುವೇ ಬಂತು. ಮತ್ತೆ ಚುಕ್ಕಿ ಇಟ್ಟು ಎಳೆ ಎಳೆದೆ. ಸುಧಾ ಪ್ಲಗ್ ಕಿತ್ತು ವೈರು ನೋಡುತ್ತಿದ್ದಳು.

ಆಗ ಪುಡಿ ಅಲುಗಿತು.

"ಸುಧಾ, ಬಂದ್ ಮಾಡ!" ಎಂದು ಚೀರಿದೆ.

"ಏನನ್ನೇ ಬಂದ್ ಮಾಡ್ಲಿ? ಪ್ಲಗ್ ನನ್ನ ಕೈಯಲ್ಲೇ ಇದೆ ಕಣೇ!"

ಬಲತುದಿಯ ಒಂದು ಎಳೆ ಮಾತ್ರ ನಡುವೆ ಕಡಿದು ಮೆಲ್ಲಗೆ ಎರಡೂ ಕಡೆಗೆ ಸರಿಯಿತು. ಬೆರಳಿನಗಲ ಜಾಗ ತೆರೆದು ನಿಂತಿತು. ಧಾರವಾಡದಲ್ಲಿ ನಮ್ಮ ಅಜ್ಜಿ ರಂಗೋಲಿ ಮುಗಿಸಿದ ಮೇಲೆ ಸರಿಯಾಗಿ ಅದೇ ಜಾಗವನ್ನು ಬೆರಳಿನಿಂದ ಒರೆಸುತ್ತಿದ್ದಳು. "ಪೂರಾ ಮುಚ್ಚಬಾರ್ದವ್ವಾ, ಹಾದಿ ಬಿಡಬೇಕು" ಅನ್ನುತ್ತಿದ್ದಳು. ಅವಳು ಹೋದ ಮೇಲೆ ನಾನದನ್ನು ಮರೆತೇಬಿಟ್ಟಿದ್ದೆ.

ಆಯೋಜಕಿಯನ್ನು ಕರೆದು, ಪ್ಲಗ್ ಹಾಕಿ ಸದ್ದು ಬಿಟ್ಟೆವು. ಈ ಸಲ ಪುಡಿ ಚೆದುರಲಿಲ್ಲ. ಎಳೆಗಳು ನಡುಗಿ, ಸುತ್ತಿ, ಆ ಸಂದಿಯಿಂದ ಸಾಲಾಗಿ ಹೊರಗೆ ಹರಿದವು. ಆಯೋಜಕಿ ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ನನ್ನ ಕೆಲಸ ಉಳಿಯಿತು.

ಸುಧಾ ಅಷ್ಟಕ್ಕೆ ಬಿಡುವವಳಲ್ಲ. ತಗಡು ಓರೆ ಇರಬೇಕು, ಹೊರಗೆ ಬಸ್ಸು ಹೋಗಿರಬೇಕು ಅಂದಳು. ಅಳೆದು ನೋಡಿದರೆ ತಗಡು ಓರೆ ಇರಲಿಲ್ಲ. ಬಸ್ಸು ಹೋಗಿದ್ದರೂ ಒಂದೇ ಎಳೆ ಯಾಕೆ ಸರಿಯಬೇಕು? ಸಂದಿ ಮುಚ್ಚಿ ಇನ್ನೊಮ್ಮೆ ನೋಡೋಣ ಅಂತ ಹಟ ಹಿಡಿದಳು. ನನಗೆ ಧೈರ್ಯವಾಗಲಿಲ್ಲ. ಹೊಸದಾಗಿ ಬಿಡಿಸಿ, ಸಂದಿ ಬಿಟ್ಟು, ಅಜ್ಜಿಯ ಮಾತು ಹೇಳಿ, "ಬೇಕಂದ್ರ ನೀನ ಮುಚ್ಚು" ಅಂತ ಪುಡಿಯ ಬಟ್ಟಲು ಅವಳ ಮುಂದೆ ಹಿಡಿದೆ.

ಸುಧಾ ಚಿಟಿಕೆ ಪುಡಿ ತೆಗೆದುಕೊಂಡು ಬಗ್ಗಿದಳು. ಬೆರಳು ಸಂದಿಯ ಹತ್ತಿರದವರೆಗೂ ಒಯ್ದಳು. ಆಮೇಲೆ ಪುಡಿಯನ್ನು ಬಟ್ಟಲಿಗೇ ಉದುರಿಸಿ ಕೈ ಒರೆಸಿಕೊಂಡಳು. ಸಂದಿ ಹಾಗೇ ಉಳಿಯಿತು.