ಅತ್ತೆ ಇರುವ ಸೈಡು

ನಮ್ಮಲ್ಲಿ ಸೈಡು ಎನ್ನುವ ಪದಕ್ಕೆ ಬಿಡುವೇ ಇಲ್ಲ. ಶೆಟ್ಟಿಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸೈಡ್ ಸೀಟು. ದಾರಿಗೆ ಅಡ್ಡ ನಿಂತವನಿಗೆ "ಸೈಡ್ ಬುಡ್ಲಾ". ಮದುವೆಯಲ್ಲಿ ಗಂಡಿನ ಸೈಡು, ಹೆಣ್ಣಿನ ಸೈಡು. ಹೊಸಬರು ಸಿಕ್ಕರೆ ಮೊದಲ ಪ್ರಶ್ನೆಯೇ "ನಿಮ್ದು ಯಾವ್ ಸೈಡು?" ನನ್ನ ವಾರಗಿತ್ತಿ ಮದುವೆಯಾಗಿ ಬಂದ ದಿನ ಈ ಪ್ರಶ್ನೆಗೆ "ದಬ್ಬೇಘಟ್ಟದ ಸೈಡು" ಎಂದಳು. ನಮ್ಮ ಅತ್ತೆಯ ತವರೂ ಅದೇ. ಅತ್ತೆಯ ಮುಖ ಅರಳಿತು, ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ನಾನು ಕೆಂಕೆರೆಯವಳು. ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರು ಅತ್ತೆ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಒಳಗೆ ಕೊಬ್ಬರಿಯಾಗಿದೆಯೇ ಎಂದು ತಿಳಿಯುವುದನ್ನು ಕಲಿಸಿದವರೂ ಅವರೇ. ಈಗ ನೋಡಿದರೆ ಅತ್ತೆ, ವಾರಗಿತ್ತಿ ಇಬ್ಬರೂ ಜಗಲಿಯಲ್ಲಿ ಕೂತು ನಾಲೆ ನೀರು, ಭತ್ತದ ಗದ್ದೆ ಎಂದು ತವರಿನ ಮಾತಾಡುತ್ತಾ ನಗುತ್ತಿದ್ದರು. ನಾನು ಹೋದರೆ ಮಾತು ನಿಲ್ಲುತ್ತಿರಲಿಲ್ಲ, ಆದರೆ ನನಗೆ ಅದರಲ್ಲಿ ಸೇರಲು ಏನೂ ಇರುತ್ತಿರಲಿಲ್ಲ.

ಹಾಗಿರುವಾಗ ಮನೆ ಭಾಗವಾಗುವ ಕಾಲ ಬಂತು. ಹಿರಿಯವನು ಭಾಗ ಮಾಡಬೇಕು, ಕಿರಿಯವನು ಆರಿಸಿಕೊಳ್ಳಬೇಕು, ಇದು ನಮ್ಮಲ್ಲಿನ ಪದ್ಧತಿ. ಅತ್ತೆ ತಮ್ಮ ಕೋಣೆ ಬಿಟ್ಟು ಕದಲುವವರಲ್ಲ. ಆ ಕೋಣೆ ಯಾರ ಪಾಲಿಗೆ ಬಂದರೆ ಅತ್ತೆಯೂ ಅವರ ಪಾಲಿಗೇ. ಹಿರಿಯವನು ನನ್ನ ಗಂಡನೇ, ನಾನು ಅವರ ಕಿವಿ ಕಚ್ಚಿದೆ. ಕಾಯಿ ತುಂಬಿದ ಅಟ್ಟ, ಹೊಸ ಹೆಂಚು, ನೀರಿನ ನಲ್ಲಿ ಎಲ್ಲವನ್ನೂ ಒಂದು ಸೈಡಿಗೆ ಹಾಕಿಸಿದೆ. ಇನ್ನೊಂದು ಸೈಡಿಗೆ ಸೋರುವ ಅಡಿಗೆಮನೆ, ದನದ ಕೊಟ್ಟಿಗೆ, ಅತ್ತೆಯ ಕೋಣೆ. ಬುದ್ಧಿಯಿದ್ದವರು ಯಾರಾದರೂ ಅಟ್ಟ ಬಿಟ್ಟಾರೆಯೇ?

ನಾಲ್ಕು ಜನ ಹಿರಿಯರ ಮುಂದೆ ಮೈದುನ ಹೆಂಡತಿಯ ಮುಖ ನೋಡಿದ.

"ನಮಗೆ ಅತ್ತೆಮ್ಮ ಇರೋ ಸೈಡೇ ಇರ್ಲಿ ಕಣ್ರೀ" ಎಂದಳು ಅವಳು.

ಎಲ್ಲರೂ ಎಂಥ ಒಳ್ಳೇ ಸೊಸೆ ಎಂದರು. ನನಗೆ ಅವಳ ಜುಟ್ಟು ಹಿಡಿಯಬೇಕೆನಿಸಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಹಜಾರದ ನಡುವೆ ಗೋಡೆ ಎದ್ದಿತು. ಆಚೆಯ ನಗು ಈಚೆಗೆ ಕೇಳುತ್ತದೆ, ಯಾವ ಮಾತಿಗೆ ನಕ್ಕರೆಂದು ಮಾತ್ರ ತಿಳಿಯುವುದಿಲ್ಲ. ಮೊನ್ನೆ ಅಟ್ಟದ ಕಾಯಿ ಇಳಿಸುವ ನೆಪ ಮಾಡಿ ಅತ್ತೆಯನ್ನು ಕರೆದೆ. ಬಂದರು. ಒಂದು ಕಾಯಿ ಅಲ್ಲಾಡಿಸಿ, "ಇನ್ನೂ ನೀರೈತೆ, ಇರ್ಲಿ ಬುಡು" ಎಂದರು. ಕಾಫಿ ಕೊಟ್ಟೆ. ಅರ್ಧ ಲೋಟ ಆಗುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ನೀವು ಯಾವಾಗ್ಲೂ ಅವಳ ಸೈಡೇ ಅಲ್ವಾ ಅತ್ತೆ?"

ಅತ್ತೆ ಲೋಟ ಕೆಳಗಿಟ್ಟರು. ಕೋಪವೇನೂ ಇರಲಿಲ್ಲ.

"ಸೋರೋ ಅಡಿಗೆಮನೆ, ಕೊಟ್ಟಿಗೆ, ಅದ್ರ ಜೊತೆಗೆ ನನ್ನೂ ಹಾಕಿ ಬ್ಯಾಡ್ದಿರೋ ಪಾಲು ಮಾಡಿದ್ರಲ್ಲ ಕಣವ್ವ ನೀವು. ಅವಳಾದ್ರೂ ನನ್ನ ಆರಿಸ್ಕಂಡ್ಲು."

ನೀವು ನನಗೇ ಸಿಗಲಿ ಎಂದಲ್ಲವೇ ಹಾಗೆ ಹಾಕಿಸಿದ್ದು! ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ವಾರಗಿತ್ತಿ ಕೂಗಿದಳು.

"ಅತ್ತೆಮ್ಮಾ, ಮುದ್ದೆ ಆರೋಯ್ತದೆ, ಬನ್ನಿ."

"ಬಂದೆ ಕಣವ್ವ" ಎನ್ನುತ್ತಾ ಅತ್ತೆ ಎದ್ದು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು.