ಹಿಂಬಾಗಿಲ ಕೀಲಿ

ಹರಿಹರದ ಬಕ್ಕೇಶಪ್ಪ ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಗೇಟಿನಲ್ಲಿ ಕುಳಿತನೆಂದರೆ, ಒಂದು ಬೆಂಕಿಕಡ್ಡಿಯೂ ಅವನ ಕಣ್ಣು ತಪ್ಪಿಸಿ ಒಳಗೆ ಹೋಗುತ್ತಿರಲಿಲ್ಲ. ಕಾಕಿ ಅಂಗಿ, ಸೊಂಟದಲ್ಲಿ ಕೀಲಿಗೊಂಚಲು, ಪಕ್ಕದಲ್ಲೊಂದು ಬಿದಿರು ಬುಟ್ಟಿ. ಒಳಹೋಗುವವರೆಲ್ಲ ಬೀಡಿ, ಬೆಂಕಿಪೊಟ್ಟಣ ಆ ಬುಟ್ಟಿಗೆ ಹಾಕಬೇಕು. ಆಮೇಲೂ ಜೇಬು ತಡವಿ, ರುಮಾಲು ಬಿಚ್ಚಿಸಿ, ಬುತ್ತಿಗಂಟು ಮೂಸಿಯೇ ಬಿಡುವನು.

“ಬಕ್ಕಣ್ಣ, ರೊಟ್ಟಿಯೊಳಗ ಕಡ್ಡಿ ಇಟ್ಟೀನಿ, ಮುರಿದು ನೋಡು ಬಾ,” ಎಂದು ಎಂಜಿನ್ ನೋಡಿಕೊಳ್ಳುವ ಕರಿಬಸವರಾಜ ಕೆಣಕುತ್ತಿದ್ದ.

“ನಗಪ್ಪಾ, ನಗು. ಅರಳೆಗೆ ಬೆಂಕಿ ಹತ್ತಿದ ದಿನ ನಗಾಕೆ ನೀನಿರಲ್ಲ.”

ಅವನ ಅಂಜಿಕೆಗೆ ಕಾರಣವಿತ್ತು. ಹೆಂಡತಿ ಗಿರಿಯಮ್ಮ ಮಿಲ್ಲಿನ ಹಿಂದಿನ ಕೊಟ್ಟಿಗೆಯಲ್ಲಿ ಹೆಂಗಸರ ಜೊತೆ ಕುಳಿತು ಹತ್ತಿಯ ಕಸ ಆರಿಸುತ್ತಿದ್ದಳು. ಅವಳ ಹತ್ತಿರ ಕಿಡಿ ಸುಳಿಯಬಾರದೆಂದು ಕೊಟ್ಟಿಗೆಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುವ ಉಪಾಯವನ್ನು ಅವನೇ ಹೂಡಿದ್ದ. ಗೇಟು ತಪ್ಪಿಸಿ ಯಾರೂ ನುಸುಳುವಂತಿಲ್ಲ. ಮಿಲ್ಲಿನ ಸಾಹುಕಾರರು ಎಲ್ಲರೆದುರು ಬೆನ್ನು ತಟ್ಟಿದ್ದರು.

“ಸೆಕೆಗೆ ಜೀವ ಹೋಗ್ತೈತೆ, ಆ ಬಾಗ್ಲು ತೆಗೀಬಾರದಾ?” ಎಂದು ಗಿರಿಯಮ್ಮ ಕೇಳಿದರೆ, “ನಿನ್ನ ಜೀವ ಉಳೀಲಿ ಅಂತನೇ ಬೀಗ ಹಾಕಿರಾದು, ಸುಮ್ಕಿರು,” ಎನ್ನುತ್ತಿದ್ದ.

ಐವತ್ತೇಳನೇ ಇಸವಿಯ ಬೇಸಿಗೆ. ಹೊಲದ ಹತ್ತಿಯ ಜೊತೆ ಬಂದ ಬೆಣಚುಕಲ್ಲೊಂದು ಜಿನ್ನು ಯಂತ್ರದ ಹಲ್ಲಿಗೆ ಸಿಕ್ಕಿ ಕಿಡಿ ಹಾರಿತು. ಅರಳೆ ಹೊತ್ತಿಕೊಂಡು, ಅದಕ್ಕೆ ತಾಗಿದ್ದ ಕೊಟ್ಟಿಗೆಯ ಮುಂಬಾಗಿಲೇ ಉರಿಯ ಪಾಲಾಯಿತು. ಕೂಗು ಕೇಳಿದ್ದೇ ಬಕ್ಕೇಶಪ್ಪ ಮೊದಲು ಬುಟ್ಟಿಗೆ ಕೈಹಾಕಿದ. ಪೊಟ್ಟಣಗಳು ಇದ್ದಂತೆಯೇ ಇದ್ದವು. ಹಾಗಾದರೆ ಒಳಗೆ ಒಯ್ದವನಾರು? ಓಡಿಬಂದ ಕರಿಬಸವರಾಜನನ್ನು ಗೇಟಿನಲ್ಲಿ ಅಡ್ಡಗಟ್ಟಿ ಜೇಬು ತಡವತೊಡಗಿದ.

“ಲೇ ಹುಚ್ಚಪ್ಪಾ, ಜೇಬಿನಾಗೇನು ಹುಡುಕ್ತೀಯ! ಹಿಂದಿನ ಬಾಗ್ಲು ತೆಗಿ! ನಿನ್ನ ಹೆಂಡ್ತಿ ಒಳಗದಾಳೆ!”

ಬಕ್ಕೇಶಪ್ಪ ಬಿದ್ದಂಬೀಳ ಓಡಿದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು. ದಿನಾ ಕತ್ತಲಲ್ಲೂ ಹಾಕಿ ತೆಗೆಯುತ್ತಿದ್ದ ಬೀಗ ಈಗ ಕೈಗೆ ಬಗ್ಗಲೊಲ್ಲದು. ಒಂದು ಕೀಲಿ ಸೇರಲಿಲ್ಲ, ಇನ್ನೊಂದು ಸೇರಿತು. ಬಾಗಿಲು ತೆರೆದದ್ದೇ ಹೆಂಗಸರು ಹೊಗೆಯ ಜೊತೆ ಹೊರಗೆ ಉರುಳಿದರು. ಗಿರಿಯಮ್ಮ ಕೊನೆಯಲ್ಲಿ ಬಂದಳು. ಸೆರಗು ಸುಟ್ಟಿತ್ತು, ಬಾಗಿಲು ಗುದ್ದಿದ ಮುಷ್ಟಿಯಿಂದ ರಕ್ತ ಸೋರುತ್ತಿತ್ತು.

ಸಂಜೆಯ ರೈಲಿನಲ್ಲಿ ಅವಳು ಸುಟ್ಟ ಸೆರಗಿನ ತುಂಡು ಹರಿದು ಮುಷ್ಟಿಗೆ ಸುತ್ತಿಕೊಂಡಳು. ಹರಿಹರ ಹತ್ತಿರವಾದಾಗ ಅಂದಳು: “ನಾಳೆ ಆ ಬೀಗ ಇದ್ರೆ ನಾನು ಬರಂಗಿಲ್ಲ. ನಿನ್ನ ಕೈಯಾಗೆ ಸಾಯೋಕೆ ನಂಗೆ ಇಷ್ಟ ಇಲ್ಲ.”

ಮರುದಿನ ಸಾಹುಕಾರರು ತಪಾಸಣೆ ಇನ್ನೂ ಬಿಗಿ ಮಾಡಲು ಹೇಳಿದರು. ಬಕ್ಕೇಶಪ್ಪ ಗೊಂಚಲನ್ನು ಮೇಜಿನ ಮೇಲಿಟ್ಟ.

“ಎಷ್ಟು ಬೇಕಾದ್ರೂ ಬಿಗಿ ಮಾಡ್ತೀನ್ರಿ. ಹಿಂದಿನ ಬಾಗ್ಲಿಗೆ ಮಾತ್ರ ಬೀಗ ಬ್ಯಾಡ, ಅಗಳಿ ಒಳಗಿರಲಿ. ಆಗಂಗಿಲ್ಲ ಅಂದ್ರೆ ಗೇಟಿಗೆ ಬ್ಯಾರೆಯವರನ್ನ ನೋಡ್ರಿ.”

“ಈ ಉಪಾಯ ಹೇಳಿಕೊಟ್ಟವನು ನೀನೇ ಅಲ್ಲೇನೋ?”

“ಹೌದ್ರಿ. ಅದಕ್ಕೇ ಹೇಳ್ತಿರಾದು.”

ಕಸ ಆರಿಸುವ ಹೆಂಗಸರು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಿದ್ದರು. ಸಾಹುಕಾರರು ಅವರನ್ನೊಮ್ಮೆ ನೋಡಿ ಬಡಗಿಗೆ ಹೇಳಿಕಳಿಸಿದರು.

ಬುಟ್ಟಿ ಗೇಟಿನಲ್ಲೇ ಉಳಿಯಿತು. ಆದರೆ ಬಕ್ಕೇಶಪ್ಪ ದಿನಾ ಮೊದಲು ಕೊಟ್ಟಿಗೆಯ ಹಿತ್ತಲಿಗೆ ಹೋಗಿ ನಿಲ್ಲುವನು. ಒಳಗಿನಿಂದ ಗಿರಿಯಮ್ಮ ಅಗಳಿ ಸರಿಸಿ ಬಾಗಿಲು ತೆರೆದು ತೋರಿಸಿದ ಮೇಲೆಯೇ ಬಂದು ಬುಟ್ಟಿಯ ಪಕ್ಕ ಕೂರುವನು.